ದುರ್ಬಲ ವಿರೋಧ ಪಕ್ಷದ ನಾಯಕತ್ವ: ಕರ್ನಾಟಕದ ಅನುಭವ ಮತ್ತು ಹಳಿಯಾಳ, ಯಲ್ಲಾಪುರ ಕ್ಷೇತ್ರಗಳು

ಸಂಸದೀಯ ವ್ಯವಸ್ಥೆಯಲ್ಲಿ ಸರ್ಕಾರದ ಹೊರಗಿರುವವರಿಗೆ ದೊರೆಯುವ ಅತಿ ದೊಡ್ಡ ಹೊಣೆ ವಿರೋಧ ಪಕ್ಷದ ನಾಯಕನದು. ಕರ್ನಾಟಕದಲ್ಲಿ ಈ ಹುದ್ದೆಗೆ ಸಂಪುಟ ದರ್ಜೆಯ ಸ್ಥಾನಮಾನವಿದೆ, ವೇತನ, ನಿವಾಸ, ಸಿಬ್ಬಂದಿ ಎಲ್ಲವೂ ಇವೆ. ಹೀಗಿದ್ದರೂ ಯಾವ ಪಕ್ಷ ಆ ಸ್ಥಾನದಲ್ಲಿ ಕುಳಿತರೂ ಕೆಲವೇ ತಿಂಗಳಲ್ಲಿ ಒಂದೇ ದೂರು ಏಳುತ್ತದೆ: ನಾಯಕ ದುರ್ಬಲ, ಸರ್ಕಾರಕ್ಕೆ ಬಿಸಿ ಮುಟ್ಟಿಸುತ್ತಿಲ್ಲ, ಒಳಗೊಳಗೇ ಹೊಂದಾಣಿಕೆ ಮಾಡಿಕೊಂಡಿದ್ದಾನೆ. ಈ ಟೀಕೆ ಸಾಮಾನ್ಯವಾಗಿ ವ್ಯಕ್ತಿಯ ಮೇಲೆ ಬೀಳುತ್ತದೆ. ಅವರ ಮಾತಿನ ಧಾಟಿ, ಜಾತಿಯ ಬೆಂಬಲ, ವಯಸ್ಸು, ಹಳೆಯ ಸ್ನೇಹಗಳು ಚರ್ಚೆಗೆ ಬರುತ್ತವೆ. ಕಳೆದ ಐವತ್ತು ವರ್ಷಗಳ ದಾಖಲೆಯನ್ನು ಸಾಲಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕರ್ನಾಟಕದ ವಿರೋಧ ಪಕ್ಷದ ನಾಯಕರು ದುರ್ಬಲರಾಗುವುದು ಹೆಚ್ಚಾಗಿ ಆ ಕುರ್ಚಿಯಲ್ಲಿ ಕೂರುವ ಮೊದಲೇ. ಅವರ ಅಧಿಕಾರ ತಮ್ಮ ಶಾಸಕರಿಂದ ಬರದೆ ದೆಹಲಿಯಿಂದ ಬರುತ್ತದೆ, ತಡವಾಗಿ ಬರುತ್ತದೆ. ಅವರ ಹಿಂದೆ ಕೂರುವ ಶಾಸಕರೂ ಪಕ್ಷಕ್ಕೆ ಗಟ್ಟಿಯಾಗಿ ಕಟ್ಟಿಕೊಂಡವರಲ್ಲ. ಈ ಎರಡನೆಯ ಕಾರಣವನ್ನು ಅರಿಯಲು ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಷ್ಟು ಸ್ಪಷ್ಟವಾದ ಉದಾಹರಣೆ ರಾಜ್ಯದಲ್ಲಿ ಕಡಿಮೆ.

ಹುದ್ದೆಯ ಕೆಲಸವನ್ನು ಮೊದಲು ನೋಡಬೇಕು, ಏಕೆಂದರೆ ಅದು ಬರೀ ಭಾಷಣದ್ದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಲೋಕಾಯುಕ್ತರ ನೇಮಕದಲ್ಲಿ ಮುಖ್ಯಮಂತ್ರಿ ಸಲಹೆ ನೀಡುವ ಮೊದಲು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಸಭಾಧ್ಯಕ್ಷ ಮತ್ತು ಸಭಾಪತಿ, ಎರಡೂ ಸದನಗಳ ವಿರೋಧ ಪಕ್ಷದ ನಾಯಕರ ಜೊತೆ ಸಮಾಲೋಚಿಸಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರ ಪ್ರಕಾರ ರಾಜ್ಯ ಮಾಹಿತಿ ಆಯುಕ್ತರನ್ನು ಶಿಫಾರಸು ಮಾಡುವ ಸಮಿತಿಯಲ್ಲಿ ಇರುವವರು ಮೂವರೇ: ಮುಖ್ಯಮಂತ್ರಿ, ಒಬ್ಬ ಸಚಿವರು, ವಿಧಾನಸಭೆಯ ವಿರೋಧ ಪಕ್ಷದ ನಾಯಕರು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ರೂಢಿಯಂತೆ ವಿರೋಧ ಪಕ್ಷಕ್ಕೆ ಸೇರುತ್ತದೆ. ಮಹಾಲೇಖಪಾಲರ ವರದಿಯನ್ನು ಹಿಡಿದು ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಪ್ರಶ್ನಿಸುವ ಜಾಗ ಅದು. 2020ರಲ್ಲಿ ಎಚ್.ಕೆ. ಪಾಟೀಲರ ಅಧ್ಯಕ್ಷತೆಯ ಈ ಸಮಿತಿ ಕೋವಿಡ್ ಖರೀದಿಗಳ ಬಗ್ಗೆ ಸ್ಥಳ ಪರಿಶೀಲನೆಗೆ ಹೊರಟಾಗ, ಆಗಿನ ಸಭಾಧ್ಯಕ್ಷ, ಶಿರಸಿಯ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ ಅದಕ್ಕೆ ತಡೆ ಹಾಕಿದ್ದು ದೊಡ್ಡ ವಿವಾದವಾಯಿತು. ಆಳುವವರಿಗೆ ಘೋಷಣೆಗಿಂತ ಕಡತ ಕೇಳುವವರ ಬಗ್ಗೆ ಹೆಚ್ಚು ಅಳುಕು ಇರುತ್ತದೆ ಎಂಬುದಕ್ಕೆ ಆ ಪ್ರಸಂಗವೇ ಸಾಕ್ಷಿ.

ಇಂಥ ಹುದ್ದೆ 2023ರಲ್ಲಿ ಆರು ತಿಂಗಳು ಖಾಲಿ ಬಿದ್ದಿತ್ತು. ಆ ವರ್ಷದ ಮೇ 13ರಂದು ಫಲಿತಾಂಶ ಬಂದಾಗ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದಿದ್ದವು. 66 ಸದಸ್ಯರ ಪಕ್ಷಕ್ಕೆ ನಾಯಕರನ್ನು ಆರಿಸಿಕೊಳ್ಳಲು ಯಾವ ಕಾನೂನಿನ ತೊಡಕೂ ಇರಲಿಲ್ಲ. ಆದರೂ ಜುಲೈನಲ್ಲಿ ಸಿದ್ದರಾಮಯ್ಯ ಹೊಸ ಸರ್ಕಾರದ ಮೊದಲ ಬಜೆಟ್ ಮಂಡಿಸಿದಾಗ ಎದುರು ಸಾಲಿನ ಮೊದಲ ಕುರ್ಚಿಯಲ್ಲಿ ನಾಯಕರಿರಲಿಲ್ಲ. ಐದು ಗ್ಯಾರಂಟಿಗಳಿಗೆ ಹಣ ಎಲ್ಲಿಂದ, ಯಾವ ಕಾಮಗಾರಿ ನಿಲ್ಲುತ್ತದೆ, ಸಾಲ ಎಷ್ಟು ಬೆಳೆಯುತ್ತದೆ ಎಂದು ಸಾಲುಸಾಲಾಗಿ ಕೇಳಬೇಕಾಗಿದ್ದ ಅಧಿವೇಶನ ಅದು. ಜನರ ನೆನಪಿನಲ್ಲಿ ಉಳಿದದ್ದು ಜುಲೈ 19ರ ದೃಶ್ಯ. ವಿಧೇಯಕಗಳ ಪ್ರತಿ ಹರಿದು ಪೀಠದಲ್ಲಿದ್ದ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಎಸೆಯಲಾಯಿತು, ಹತ್ತು ಬಿಜೆಪಿ ಶಾಸಕರು ಅಮಾನತಾದರು. ಬಿ.ವೈ. ವಿಜಯೇಂದ್ರ ಪಕ್ಷದ ರಾಜ್ಯಾಧ್ಯಕ್ಷರಾದದ್ದು ನವೆಂಬರ್ 10ರಂದು. ದೆಹಲಿಯಿಂದ ಬಂದ ವೀಕ್ಷಕರ ಸಮ್ಮುಖದಲ್ಲಿ ಆರ್. ಅಶೋಕ ವಿರೋಧ ಪಕ್ಷದ ನಾಯಕರಾದದ್ದು ನವೆಂಬರ್ 17ರಂದು. ನಾಯಕರಿಲ್ಲದ ಪಕ್ಷದಲ್ಲಿ ಯಾರು ಯಾವ ವಿಷಯ ಎತ್ತಬೇಕು, ಎಲ್ಲಿ ಗದ್ದಲ ನಿಲ್ಲಿಸಿ ಚರ್ಚೆಗೆ ಕೂರಬೇಕು ಎಂದು ಹೇಳುವವರಿರುವುದಿಲ್ಲ. ಸದನದ ಬಾವಿಗಿಳಿಯುವುದು ಅಂಥ ಪಕ್ಷಕ್ಕೆ ಸುಲಭದ ದಾರಿ, ಏಕೆಂದರೆ ಅದಕ್ಕೆ ತಯಾರಿ ಬೇಕಾಗಿಲ್ಲ.

ನೇಮಕದ ನಂತರವೂ ದೂರು ನಿಲ್ಲಲಿಲ್ಲ, ಅದು ಪಕ್ಷದ ಒಳಗಿನಿಂದಲೇ ಬಂತು. ಚುನಾವಣೆಯಲ್ಲಿ ಸೋತ ಕೂಡಲೇ, 2023ರ ಜೂನ್‌ನಲ್ಲಿ, ಆಗ ಸಂಸದರಾಗಿದ್ದ ಪ್ರತಾಪ ಸಿಂಹ ಹೊಂದಾಣಿಕೆ ರಾಜಕಾರಣದ ಮಾತನ್ನು ಬಹಿರಂಗವಾಗಿ ಎತ್ತಿದ್ದರು. ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ರಾಜ್ಯಾಧ್ಯಕ್ಷರನ್ನೂ ವಿರೋಧ ಪಕ್ಷದ ನಾಯಕರನ್ನೂ ಒಂದೇ ಉಸಿರಿನಲ್ಲಿ ಟೀಕಿಸುತ್ತ ಬಂದರು. ಅವರ ಬಣ ವಕ್ಫ್ ವಿಷಯದಲ್ಲಿ ಪ್ರತ್ಯೇಕ ಹೋರಾಟವನ್ನೇ ನಡೆಸಿತು. 2025ರ ಮಾರ್ಚ್‌ನಲ್ಲಿ ಪಕ್ಷ ಅವರನ್ನು ಆರು ವರ್ಷ ಉಚ್ಚಾಟಿಸಿತು. ಅದೇ ತಿಂಗಳು 18 ಬಿಜೆಪಿ ಶಾಸಕರು ಆರು ತಿಂಗಳ ಅವಧಿಗೆ ಸದನದಿಂದ ಅಮಾನತಾದರು, ಮೇ ತಿಂಗಳಲ್ಲಿ ಆ ಆದೇಶ ಹಿಂದಕ್ಕೆ ಪಡೆಯಲಾಯಿತು. ಒಬ್ಬ ನಾಯಕರನ್ನು ದುರ್ಬಲ ಎನ್ನುವವರು ಈ ಘಟನೆಗಳನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಘಟನೆಗಳು ಹೇಳುವುದು ಬೇರೆ: ನಾಯಕರನ್ನು ಆರಿಸುವಾಗ ಶಾಸಕರು ಒಬ್ಬೊಬ್ಬರಾಗಿ ಮತ ಹಾಕಿ ಒಪ್ಪಿಕೊಂಡಿದ್ದರೆ, ಸೋತ ಬಣಕ್ಕೆ ತನ್ನ ಬಲ ಎಷ್ಟೆಂದು ಗೊತ್ತಾಗುತ್ತಿತ್ತು, ಗೆದ್ದವರಿಗೆ ಶಿಸ್ತು ಹೇರುವ ನೈತಿಕ ಹಕ್ಕು ಸಿಗುತ್ತಿತ್ತು. ಮೇಲಿನಿಂದ ಬಂದ ನೇಮಕದಲ್ಲಿ ಇವೆರಡೂ ಇಲ್ಲ. ನಾಯಕರ ಮೇಲಿನ ಅಸಮಾಧಾನ ಹೇಳಿಕೊಳ್ಳಲು ಶಾಸಕಾಂಗ ಪಕ್ಷದೊಳಗೆ ಜಾಗವಿಲ್ಲದಾಗ ಅದು ದೆಹಲಿಯ ವಿಮಾನ ಹತ್ತುತ್ತದೆ, ಇಲ್ಲವೇ ಟಿವಿ ಮೈಕಿನ ಮುಂದೆ ನಿಲ್ಲುತ್ತದೆ.

ಸಂಖ್ಯೆ ಕಡಿಮೆ ಇದ್ದರೆ ವಿರೋಧ ಪಕ್ಷ ದುರ್ಬಲವಾಗುವುದು ಸಹಜ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. 1972ರ ಚುನಾವಣೆಯಲ್ಲಿ ದೇವರಾಜ ಅರಸರ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದಿತ್ತು. ಎದುರಿಗೆ ಸಂಸ್ಥಾ ಕಾಂಗ್ರೆಸ್‌ಗೆ ಇದ್ದವು 24. ಆ 24 ಮಂದಿಯ ನಾಯಕರಾಗಿ ಎಚ್.ಡಿ. ದೇವೇಗೌಡರು ಸರ್ಕಾರದ ವಿರುದ್ಧದ ಆರೋಪಗಳನ್ನು ಸದನದಲ್ಲಿ ಎತ್ತುತ್ತ ಹೋದರು, ತುರ್ತು ಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅರಸು ಆಡಳಿತದ ಮೇಲಿನ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗ ನೇಮಿಸಿತು. 1978ರಲ್ಲಿ ಅರಸರೇ 149 ಸ್ಥಾನಗಳೊಂದಿಗೆ ಮರಳಿ ಗೆದ್ದರು ಎಂಬುದನ್ನೂ ಮರೆಯಬಾರದು. ಬಲಿಷ್ಠ ವಿರೋಧ ಪಕ್ಷ ಎಂದರೆ ಮುಂದಿನ ಚುನಾವಣೆ ಗೆಲ್ಲುವ ಪಕ್ಷ ಎಂದಲ್ಲ. ಅದಕ್ಕೂ ಹಿಂದೆ, ಕೈಬೆರಳೆಣಿಕೆಯ ಸಮಾಜವಾದಿ ಸದಸ್ಯರ ಜೊತೆ ಕುಳಿತ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪ್ರಶ್ನೆಯನ್ನು 1952ರಿಂದಲೇ ವಿಧಾನಸಭೆಯ ನಡುಮನೆಗೆ ತಂದು ಇಟ್ಟಿದ್ದರು. ಅವರು 1972ರಲ್ಲಿ ತೀರಿಕೊಂಡರು, ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅದನ್ನು ತಂದವರು ಆಳುವ ಪಕ್ಷದವರು, ಆದರೆ ಆ ಬೇಡಿಕೆಯನ್ನು ಎರಡು ದಶಕ ಜೀವಂತ ಇಟ್ಟವರಲ್ಲಿ ಎದುರು ಸಾಲಿನವರು ಮುಖ್ಯರು.

ಬಲಿಷ್ಠ ವಿರೋಧ ಪಕ್ಷದ ಮಾತು ಬಂದಾಗ ಎಲ್ಲರೂ ನೆನೆಯುವುದು ಅಕ್ರಮ ಗಣಿಗಾರಿಕೆಯ ವಿರುದ್ಧ ನಡೆದ 2010ರ ಬಳ್ಳಾರಿ ಪಾದಯಾತ್ರೆಯನ್ನು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಜುಲೈ 25ರಂದು ಬೆಂಗಳೂರಿನಿಂದ ಹೊರಟು ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್ 9ರಂದು ಬಳ್ಳಾರಿ ಸೇರಿದರು. ಈ ಕಥೆಯಲ್ಲಿ ಉತ್ತರ ಕನ್ನಡದ ಪಾಲು ಹೆಚ್ಚಿನವರಿಗೆ ನೆನಪಿಲ್ಲ. ಅಕ್ರಮ ಅದಿರು ಹಡಗು ಹತ್ತುತ್ತಿದ್ದ ಜಾಗಗಳಲ್ಲೊಂದು ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರು. 2010ರ ಮಾರ್ಚ್‌ನಲ್ಲಿ ಅರಣ್ಯ ಅಧಿಕಾರಿಗಳು ಅಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿದರು, ಜಪ್ತಿಯಾದ ಅದಿರೇ ಬಳಿಕ ಮಾಯವಾಯಿತು. ಪ್ರಕರಣವನ್ನು ಬೆನ್ನುಹತ್ತಿದ್ದ ಅರಣ್ಯ ಅಧಿಕಾರಿಯನ್ನು ಸರ್ಕಾರ ಅಮಾನತು ಮಾಡಿದಾಗ ಲೋಕಾಯುಕ್ತ ಸಂತೋಷ ಹೆಗ್ಡೆ ಜೂನ್‌ನಲ್ಲಿ ರಾಜೀನಾಮೆ ಘೋಷಿಸಿದರು, ನಂತರ ಹಿಂಪಡೆದರು. ಪಾದಯಾತ್ರೆ ಹೊರಟಾಗ ಕೆಪಿಸಿಸಿ ಅಧ್ಯಕ್ಷರಾಗಿದ್ದವರು ಹಳಿಯಾಳದ ಆರ್.ವಿ. ದೇಶಪಾಂಡೆ. 2008ರ ಚುನಾವಣೆಯಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲೇ ಜೆಡಿಎಸ್‌ನ ಸುನೀಲ ಹೆಗಡೆಯವರಿಗೆ ಸೋತ ಬೆನ್ನಿಗೇ ಅವರಿಗೆ ಆ ಹೊಣೆ ಬಂದಿತ್ತು. ಸೋತ ಮನುಷ್ಯ ಪಕ್ಷ ನಡೆಸಬಲ್ಲರೇ ಎಂಬ ಪ್ರಶ್ನೆ ಅಂದು ಸಹಜವಾಗಿತ್ತು. ಉತ್ತರ ಸಿಕ್ಕಿದ್ದು ವ್ಯಕ್ತಿಯಿಂದಲ್ಲ, ಸಂದರ್ಭದಿಂದ: ಸದನದೊಳಗೆ ನಾಯಕ, ಹೊರಗೆ ಪಕ್ಷದ ಅಧ್ಯಕ್ಷ, ಕೈಯಲ್ಲಿ ಲೋಕಾಯುಕ್ತದ ದಾಖಲೆ, ಮೂರೂ ಒಂದೇ ವಿಷಯದ ಮೇಲೆ ನಿಂತವು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತದ ಅಂತಿಮ ವರದಿ ಬಂತು, ಅದೇ ತಿಂಗಳ 31ರಂದು ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಹಾಗಾದರೆ ಅದು ಸಿದ್ದರಾಮಯ್ಯನವರ ವ್ಯಕ್ತಿತ್ವದ ಬಲವೇ ಅಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಅವರದೇ ಎರಡನೆಯ ಅವಧಿ ಉತ್ತರ ಕೊಡುತ್ತದೆ. 2019ರ ಜುಲೈ ಕೊನೆಯಲ್ಲಿ ಯಡಿಯೂರಪ್ಪ ಮತ್ತೆ ಮುಖ್ಯಮಂತ್ರಿಯಾದರು. ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ, ಮಲೆನಾಡು, ಕರಾವಳಿ ಮೂರೂ ನೆರೆಯಲ್ಲಿ ಮುಳುಗಿದವು. ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕಾಳಿ ನದಿಯ ಕೆಳದಂಡೆಯ ಊರುಗಳಿಗೆ ನುಗ್ಗಿತು. ಆ ಹೊತ್ತಿನಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ಕಾಂಗ್ರೆಸ್ ಹೈಕಮಾಂಡ್ ಸಿದ್ದರಾಮಯ್ಯನವರ ಹೆಸರು ಘೋಷಿಸಿದ್ದು ಅಕ್ಟೋಬರ್ 9ರಂದು, ಅಧಿವೇಶನದ ಮುನ್ನಾದಿನ. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಪಕ್ಷ 15ರಲ್ಲಿ ಎರಡೇ ಸ್ಥಾನ ಗೆದ್ದಾಗ ಅವರು ರಾಜೀನಾಮೆ ಕಳುಹಿಸಿದರು, ಅದು ಅಂಗೀಕಾರವಾಗಲಿಲ್ಲ. ಅದೇ ವ್ಯಕ್ತಿ, ಅದೇ ವಾಗ್ಮಿತೆ, ಅಂಕಿಅಂಶಗಳ ಅದೇ ಹಿಡಿತ, ಆದರೆ ಫಲ ಬೇರೆ. 2022ರಲ್ಲಿ ಬಿಜೆಪಿ ಸರ್ಕಾರದ ಮೇಲಿನ 40 ಪರ್ಸೆಂಟ್ ಕಮಿಷನ್ ಆರೋಪವನ್ನು ಕಾಂಗ್ರೆಸ್‌ನ ಒಳಬಣಗಳು ಒಟ್ಟಾಗಿ ಹಿಡಿದ ಮೇಲೆ ಮತ್ತೆ ಅದೇ ಮಾತಿಗೆ ತೂಕ ಬಂತು. 2024ರ ಆಗಸ್ಟ್‌ನಲ್ಲಿ ಮುಡಾ ಪ್ರಕರಣ ಮುಂದಿಟ್ಟು ಬಿಜೆಪಿ ಮತ್ತು ಜೆಡಿಎಸ್ ಬೆಂಗಳೂರಿನಿಂದ ಮೈಸೂರಿಗೆ ನಡೆಸಿದ ಪಾದಯಾತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜೆಡಿಎಸ್ ಮೊದಲು ಹಿಂಜರಿದು ಕೊನೆಗೆ ಸೇರಿತು, ಯತ್ನಾಳ ಬಣ ದೂರ ಉಳಿಯಿತು. ನಡೆದ ದಾರಿಗಿಂತ ಒಡಕಿನ ಸುದ್ದಿಯೇ ಹೆಚ್ಚು ಜಾಗ ಪಡೆಯಿತು.

ವಿರೋಧ ಪಕ್ಷದ ನಾಯಕರ ಬೆನ್ನ ಹಿಂದಿನ ಸಾಲುಗಳು ಎಷ್ಟು ಸಡಿಲ ಎಂಬುದನ್ನು ಮುಂಡಗೋಡ ಸೇರಿರುವ ಯಲ್ಲಾಪುರ ಕ್ಷೇತ್ರ ಬಿಡಿಸಿ ತೋರಿಸುತ್ತದೆ. 2018ರಲ್ಲಿ ಕಾಂಗ್ರೆಸ್‌ನ ಶಿವರಾಮ ಹೆಬ್ಬಾರ್ ಅಲ್ಲಿ ಬಿಜೆಪಿಯ ವಿ.ಎಸ್. ಪಾಟೀಲರನ್ನು 1,500ಕ್ಕೂ ಕಡಿಮೆ ಮತಗಳಿಂದ ಸೋಲಿಸಿದರು. ಮರುವರ್ಷ ಮೈತ್ರಿ ಸರ್ಕಾರದ ವಿರುದ್ಧ ಬಂಡೆದ್ದ 17 ಶಾಸಕರಲ್ಲಿ ಹೆಬ್ಬಾರ್ ಒಬ್ಬರು. ಸಭಾಧ್ಯಕ್ಷ ರಮೇಶ್‌ಕುಮಾರ್ ಎಲ್ಲರನ್ನೂ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಮತ್ತೆ ಸ್ಪರ್ಧಿಸಲು ಮಾತ್ರ ದಾರಿ ಬಿಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹೆಬ್ಬಾರ್ ಬಿಜೆಪಿ ಅಭ್ಯರ್ಥಿಯಾಗಿ ದೊಡ್ಡ ಅಂತರದಲ್ಲಿ ಗೆದ್ದು, ಮುಂದೆ ಕಾರ್ಮಿಕ ಸಚಿವರಾದರು. ಅವರ ಹಳೆಯ ಎದುರಾಳಿ ವಿ.ಎಸ್. ಪಾಟೀಲರು ಕಾಂಗ್ರೆಸ್ ಸೇರಿ 2023ರಲ್ಲಿ ಅವರ ವಿರುದ್ಧವೇ ನಿಂತು ಸೋತರು. ಅಭ್ಯರ್ಥಿಗಳು ಅವರೇ, ಚಿಹ್ನೆಗಳು ಅದಲುಬದಲು. ಬಿಜೆಪಿ ವಿರೋಧ ಪಕ್ಷವಾದ ಮೇಲೆ, 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ, ಯಶವಂತಪುರದ ಎಸ್.ಟಿ. ಸೋಮಶೇಖರ್ ಆಳುವ ಪಕ್ಷದ ಅಭ್ಯರ್ಥಿಗೆ ಮತ ಹಾಕಿದರು. ಪಕ್ಷ ಇಬ್ಬರನ್ನೂ ಉಚ್ಚಾಟಿಸಿದ್ದು 2025ರ ಮೇ 27ರಂದು, ಹದಿನೈದು ತಿಂಗಳ ನಂತರ. ಅಷ್ಟು ಕಾಲ ವಿರೋಧ ಪಕ್ಷದ ಲೆಕ್ಕದಲ್ಲಿದ್ದ ಇಬ್ಬರು ಶಾಸಕರು ಯಾರ ಪರ ಎಂದು ವಿರೋಧ ಪಕ್ಷದ ನಾಯಕರೇ ಹೇಳಲಾಗದ ಸ್ಥಿತಿಯಿತ್ತು. ಇಲ್ಲಿ ನಾಯಕರ ದನಿ ಎತ್ತರವಾಗಿದ್ದರೂ ತಗ್ಗಾಗಿದ್ದರೂ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬರುವವರನ್ನು ತಡೆಯುವುದಿಲ್ಲ ಎಂಬುದನ್ನು 2008ರ ಆಪರೇಷನ್ ಕಮಲವೇ ರಾಜ್ಯಕ್ಕೆ ಕಲಿಸಿತ್ತು. ವಿರೋಧ ಪಕ್ಷ ಸೋರುವ ತೂತು ಅದು, ಈವರೆಗೂ ಮುಚ್ಚಿಲ್ಲ.

ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿದ ಹಳಿಯಾಳ ಕ್ಷೇತ್ರದ ಕಥೆ ಇನ್ನೊಂದು ಬಗೆಯದು. 1983ರಿಂದ 2023ರವರೆಗೆ ದೇಶಪಾಂಡೆ ಇಲ್ಲಿಂದ ಒಂಬತ್ತು ಬಾರಿ ಗೆದ್ದಿದ್ದಾರೆ, ಮೊದಲು ಜನತಾ ಪರಿವಾರದಿಂದ, 1999ರಿಂದ ಕಾಂಗ್ರೆಸ್‌ನಿಂದ. ಸಚಿವರಾಗಿ ಅವರು ಕ್ಷೇತ್ರಕ್ಕೆ ತಂದ ಸಂಸ್ಥೆಗಳೂ ಅವರ ವೈಯಕ್ತಿಕ ಸಂಪರ್ಕವೂ ಈ ಗೆಲುವಿನ ಹಿಂದಿವೆ. ಆದರೆ ಒಬ್ಬರೇ ನಾಲ್ಕು ದಶಕ ಪ್ರಬಲರಾಗಿರುವ ಕಡೆ ಎದುರಾಳಿ ಪಕ್ಷ ಬೆಳೆಯುವುದಿಲ್ಲ, ಎದುರಾಳಿ ವ್ಯಕ್ತಿ ಮಾತ್ರ ಬೆಳೆಯುತ್ತಾರೆ. 2008ರಲ್ಲಿ ಜೆಡಿಎಸ್‌ನಿಂದ ಗೆದ್ದ ಸುನೀಲ ಹೆಗಡೆ 2018 ಮತ್ತು 2023ರಲ್ಲಿ ಬಿಜೆಪಿ ಅಭ್ಯರ್ಥಿ. ಕಾಂಗ್ರೆಸ್‌ನಿಂದ ವಿಧಾನ ಪರಿಷತ್ತಿನಲ್ಲಿದ್ದ ಎಸ್.ಎಲ್. ಘೋಟ್ನೇಕರ್ 2023ರಲ್ಲಿ ಜೆಡಿಎಸ್ ಅಭ್ಯರ್ಥಿ. ಆ ಚುನಾವಣೆಯಲ್ಲಿ ದೇಶಪಾಂಡೆ ಗೆದ್ದ ಅಂತರ ಸುಮಾರು 3,600 ಮತ, ಮೂರನೆಯ ಸ್ಥಾನದ ಘೋಟ್ನೇಕರ್ ಅದರ ಹಲವು ಪಟ್ಟು ಮತ ಪಡೆದಿದ್ದರು. ಎದುರಿನ ಎರಡು ಪಕ್ಷಗಳು ಮೈತ್ರಿಗೆ ಬಂದದ್ದು ಫಲಿತಾಂಶದ ನಾಲ್ಕು ತಿಂಗಳ ನಂತರ. ಸೋತ ದಿನದಿಂದ ಮುಂದಿನ ಚುನಾವಣೆಯವರೆಗೆ ಕ್ಷೇತ್ರದ ಪ್ರಶ್ನೆಗಳನ್ನು ಹಿಡಿದು ಕೂರುವ ಪಕ್ಷದ ಘಟಕ ಇಲ್ಲಿ ಬೇರೂರಿಲ್ಲ, ಇರುವುದು ಟಿಕೆಟ್ ಕಾಯುವ ಗುಂಪುಗಳು. ಇದನ್ನು ಕಹಿಯಿಂದ ಹೇಳುತ್ತಿಲ್ಲ, ಜನರ ಕೆಲಸ ಇದರಿಂದಲೇ ನಿಲ್ಲುತ್ತಿದೆ ಎಂಬ ಕಾರಣಕ್ಕೆ ಹೇಳಬೇಕಾಗಿದೆ.

ನಿಂತ ಕೆಲಸ ಯಾವುದು ಎಂಬುದಕ್ಕೆ ಅರಣ್ಯ ಹಕ್ಕಿನ ಪ್ರಶ್ನೆಯನ್ನೇ ಹತ್ತಿರದಿಂದ ನೋಡಬಹುದು. ಜಿಲ್ಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ಸಾಗುವಳಿ ಮಾಡುತ್ತಿದ್ದುದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಜೋಯಿಡಾದ ಕುಣಬಿಗಳು, ಹಳಿಯಾಳ ಮತ್ತು ಮುಂಡಗೋಡದ ಗೌಳಿಗಳು ಅದೇ ಮಾನ್ಯತೆಗಾಗಿ ದಶಕಗಳಿಂದ ಕೇಳುತ್ತಿದ್ದಾರೆ. ಒಂದೇ ಕಾಡಿನಂಚಿನಲ್ಲಿ ಅಕ್ಕಪಕ್ಕ ಗದ್ದೆ ಮಾಡುವ ಎರಡು ಕುಟುಂಬಗಳಿಗೆ ಎರಡು ಬಗೆಯ ಸಾಕ್ಷ್ಯ ಬೇಕಾಗುತ್ತದೆ. ಜಿಲ್ಲೆಯಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾಗಿವೆ. ಮೊದಲ ಮಟ್ಟದ ತೀರ್ಮಾನ ಗ್ರಾಮಸಭೆಯದ್ದು, ನಂತರ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಯಾವ ಮಟ್ಟದಲ್ಲಿ, ಯಾವ ಕಾರಣಕ್ಕೆ, ಎಷ್ಟು ಅರ್ಜಿ ಬಿದ್ದವು ಎಂದು ತಾಲ್ಲೂಕುವಾರು ಕೇಳುವ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಬಂದ ಉತ್ತರದ ಮೇಲೆ ಅರ್ಧ ಗಂಟೆಯ ಚರ್ಚೆ, ಅದನ್ನು ಪ್ರತಿ ಅಧಿವೇಶನದಲ್ಲೂ ಬಿಡದೆ ಮುಂದುವರಿಸುವ ಶಿಸ್ತು, ಇದು ವಿರೋಧ ಪಕ್ಷದ ಕೆಲಸ. ಕಾಂಗ್ರೆಸ್ ವಿರೋಧದಲ್ಲಿದ್ದಾಗಲೂ ಬಿಜೆಪಿ ವಿರೋಧದಲ್ಲಿದ್ದಾಗಲೂ ಅತಿಕ್ರಮಣದಾರರ ಸಮಾವೇಶಗಳ ವೇದಿಕೆಯಲ್ಲಿ ಭರವಸೆ ಕೇಳಿಬಂದಿದೆ. ಸದನದಲ್ಲಿ ಅದೇ ಪಟ್ಟು ಐದು ವರ್ಷ ಉಳಿದದ್ದಿಲ್ಲ.

ಆಸ್ಪತ್ರೆಯ ಬೇಡಿಕೆಯೂ ಹೀಗೆಯೇ. 2022ರ ಜುಲೈನಲ್ಲಿ ರೋಗಿಯನ್ನು ಹೊನ್ನಾವರದಿಂದ ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತ ಮೇಲೆ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಪಕ್ಷ ಮೀರಿ ಎದ್ದಿತು. ಜೋಯಿಡಾದ ರೋಗಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಅಥವಾ ಗೋವಾ ಕಡೆ ಹೋಗಬೇಕಾದ ಪರಿಸ್ಥಿತಿ ಎಲ್ಲ ಪಕ್ಷಗಳಿಗೂ ಗೊತ್ತು. ಮರುವರ್ಷ ಸರ್ಕಾರ ಬದಲಾಯಿತು, ಕೇಳುವವರೂ ಉತ್ತರಿಸುವವರೂ ಸ್ಥಾನ ಬದಲಿಸಿಕೊಂಡರು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದದ್ದೇ ಈ ಭಾಗದ ಪ್ರಶ್ನೆಗಳಿಗೆ ಸದನವನ್ನು ಹತ್ತಿರ ತರಲು. ಆದರೆ ಡಿಸೆಂಬರ್ ಅಧಿವೇಶನಗಳ ಬಹುಪಾಲು ಸಮಯವನ್ನು ಬೆಂಗಳೂರಿನಿಂದ ಹೊತ್ತು ತಂದ ವಿವಾದಗಳೇ ನುಂಗುತ್ತವೆ. ಹಳಿಯಾಳದ ಕಬ್ಬು ಬೆಳೆಗಾರರ ದರ, ಕಟಾವು ಮತ್ತು ಸಾಗಾಣಿಕೆ ವೆಚ್ಚದ ತಕರಾರು, ಸೂಪಾ ಅಣೆಕಟ್ಟೆಗೆ ಊರು ಬಿಟ್ಟು ರಾಮನಗರಕ್ಕೆ ಬಂದವರ ಉಳಿದ ಬೇಡಿಕೆಗಳು, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಿಗಳ ರಸ್ತೆ ಮತ್ತು ವಿದ್ಯುತ್, ಇವೆಲ್ಲ ಕಾರ್ಯಸೂಚಿಯ ಕೊನೆಗೆ ಸರಿಯುತ್ತವೆ. ದುರ್ಬಲ ವಿರೋಧ ಪಕ್ಷದ ಬೆಲೆಯನ್ನು ಕೊಡುವವರು ಸೋತ ರಾಜಕಾರಣಿಗಳಲ್ಲ, ಈ ಊರುಗಳವರು.

ಹೊರದೇಶದಲ್ಲಿ ಇದೇ ಟೀಕೆಯನ್ನು ಎದುರಿಸಿದವರಲ್ಲಿ ಕೆನಡಾದ ವಿರೋಧ ಪಕ್ಷದ ನಾಯಕರೂ ಇದ್ದಾರೆ. ಅಲ್ಲಿನ ಲಿಬರಲ್ ಪಕ್ಷ ಸ್ಟೆಫಾನ್ ದಿಯೋನ್ ನಂತರ ಮೈಕೆಲ್ ಇಗ್ನಾಟಿಯೆಫ್ ಅವರನ್ನು ತಂದಿತು. ಹೆಸರಾಂತ ವಿದ್ವಾಂಸರಾದ ಅವರಿಗೆ 2009ರ ಸಮ್ಮೇಳನದಲ್ಲಿ ಎದುರಾಳಿಯೇ ಇರಲಿಲ್ಲ, ಪ್ರತಿಸ್ಪರ್ಧಿಗಳು ಅದಕ್ಕೆ ಮೊದಲೇ ಹಿಂದೆ ಸರಿದಿದ್ದರು. ದೇಶದ ಹೊರಗೇ ಬಹುಕಾಲ ಕಳೆದವರು ಎಂಬ ಕನ್ಸರ್ವೇಟಿವ್ ಜಾಹೀರಾತುಗಳಿಗೆ ಪಕ್ಷ ಉತ್ತರ ಹುಡುಕುವಷ್ಟರಲ್ಲಿ 2011ರ ಚುನಾವಣೆ ಬಂತು. ಲಿಬರಲ್ ಪಕ್ಷ 34 ಸ್ಥಾನಕ್ಕಿಳಿದು ಮೂರನೆಯದಾಯಿತು, ಇಗ್ನಾಟಿಯೆಫ್ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡರು. ಸ್ಪರ್ಧೆಯಿಲ್ಲದೆ ಒಪ್ಪಿಸಿದ ನಾಯಕತ್ವ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದಕ್ಕೆ ಅದೊಂದು ನಿದರ್ಶನ. ಆದರೆ ಕೆನಡಾದಲ್ಲಿ ಇನ್ನೊಂದು ದಾರಿಯೂ ಇದೆ. 2014ರ ಸುಧಾರಣಾ ಕಾನೂನಿನ ಅಧಿಕಾರವನ್ನು ಅಳವಡಿಸಿಕೊಂಡ ಪಕ್ಷದಲ್ಲಿ ಶೇ 20ರಷ್ಟು ಸಂಸದರು ಸಹಿ ಹಾಕಿದರೆ ನಾಯಕರ ಮೇಲೆ ಗುಪ್ತ ಮತದಾನ ನಡೆಯಬೇಕು. 2022ರ ಫೆಬ್ರವರಿ 2ರಂದು ಕನ್ಸರ್ವೇಟಿವ್ ಸಂಸದರು ಎರಿನ್ ಓ'ಟೂಲ್ ಅವರನ್ನು 73–45 ಮತಗಳಿಂದ ಇಳಿಸಿದರು. ತಿಂಗಳುಗಟ್ಟಲೆ ಪತ್ರಿಕಾಗೋಷ್ಠಿ, ದೆಹಲಿ ಯಾತ್ರೆ, ಉಚ್ಚಾಟನೆಗಳಲ್ಲಿ ಕಳೆಯುವ ನಮ್ಮ ಜಗಳ ಅಲ್ಲಿ ಒಂದು ದಿನದ ಎಣಿಕೆಯಲ್ಲಿ ಮುಗಿಯಿತು. ಅವರ ನಂತರ ಆಯ್ಕೆಯಾದ ಪಿಯೆರ್ ಪೊಯ್ಲಿಯೆವ್ರ್ 2025ರ ಏಪ್ರಿಲ್‌ನಲ್ಲಿ ಸ್ವಂತ ಕ್ಷೇತ್ರದಲ್ಲಿ ಸೋತು, ಆಗಸ್ಟ್‌ನ ಉಪಚುನಾವಣೆಯಲ್ಲಿ ಬೇರೆ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಮರಳಿದರು. ಸೋತರೂ ಪಕ್ಷ ಅವರನ್ನು ಬಿಡಲಿಲ್ಲ, ಏಕೆಂದರೆ ಅವರ ಅಧಿಕಾರ ಪಕ್ಷದ ಸದಸ್ಯರ ಮತದಿಂದ ಬಂದಿತ್ತು. ಆ ವ್ಯವಸ್ಥೆ ಗೆಲುವು ಖಾತರಿ ಮಾಡುವುದಿಲ್ಲ ನಿಜ. ನಾಯಕರಿಗೆ ಯಾರ ಬೆಂಬಲ ಎಷ್ಟಿದೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದಿರುತ್ತದೆ, ಮುಖ್ಯ ಅದು.

ಈ ವಾದಕ್ಕೆ ಇನ್ನೆರಡು ಆಕ್ಷೇಪಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಮೇಲಿನಿಂದ ನೇಮಕವಾದವರೂ ಫಲ ಕೊಟ್ಟಿದ್ದಾರೆ. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣದಲ್ಲಿ ಸಚಿವ ಬಿ. ನಾಗೇಂದ್ರ 2024ರ ಜೂನ್ 6ರಂದು ರಾಜೀನಾಮೆ ಕೊಡಬೇಕಾಯಿತು, ಅದರ ಹಿಂದೆ ವಿರೋಧ ಪಕ್ಷದ ಒತ್ತಡ ಇತ್ತು. ಇದನ್ನು ಒಪ್ಪಲೇಬೇಕು. ಆದರೆ ಅಲ್ಲಿಯೂ ಬಲ ಕೊಟ್ಟದ್ದು ನಿಗಮದ ನೌಕರರೊಬ್ಬರ ಸಾವು ಮತ್ತು ಬ್ಯಾಂಕ್ ದಾಖಲೆಗಳು. ಬಳ್ಳಾರಿಯಂತೆಯೇ ಇಲ್ಲಿಯೂ ದಾಖಲೆ ಹಿಡಿದಾಗ ಗೆಲುವು ಬಂತು, ಕಾಗದ ಹರಿದಾಗ ಅಮಾನತು ಬಂತು. ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ: ಎಲ್ಲವನ್ನೂ ವಿರೋಧಿಸುವುದೇ ಬಲವಲ್ಲ, ರಾಜ್ಯದ ಹಿತಕ್ಕಾಗಿ ಸರ್ಕಾರದ ಜೊತೆ ನಿಲ್ಲುವುದೂ ವಿರೋಧ ಪಕ್ಷದ ಧರ್ಮ. ಕಾವೇರಿ, ಮಹದಾಯಿ ನೀರಿನ ಪ್ರಶ್ನೆಗಳಲ್ಲಿ ಸರ್ವಪಕ್ಷ ಸಭೆಗಳು ಬೇಕು. ಸಿದ್ದಿಗಳ ಮಾನ್ಯತೆಯಂಥ ಕೆಲಸಗಳೂ ಒಬ್ಬರ ಗೆಲುವಿನಿಂದ ಆದವಲ್ಲ. ಸಹಕಾರಕ್ಕೂ ಹೊಂದಾಣಿಕೆಗೂ ನಡುವಿನ ಗೆರೆ ಗುರುತಿಸುವುದು ಕಷ್ಟವೇನಲ್ಲ. ಸಹಕಾರ ಸದನದ ನಡಾವಳಿಯಲ್ಲಿ ದಾಖಲಾಗುತ್ತದೆ, ಕಾರಣ ಸಹಿತ ಇರುತ್ತದೆ. ಹೊಂದಾಣಿಕೆ ದಾಖಲಾಗುವುದಿಲ್ಲ, ಅದರ ಗುರುತು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಮಾತ್ರ ಸಿಗುತ್ತದೆ.

ತಿದ್ದುಪಡಿ ದೂರದ ಮಾತೇನಲ್ಲ. ಫಲಿತಾಂಶ ಬಂದ 30 ದಿನದೊಳಗೆ ಅತಿ ದೊಡ್ಡ ವಿರೋಧ ಪಕ್ಷದ ಶಾಸಕರು ಗುಪ್ತ ಮತದಾನದಿಂದ ನಾಯಕರನ್ನು ಆರಿಸಬೇಕು, ನಿಗದಿತ ಸಂಖ್ಯೆಯ ಶಾಸಕರು ಬಯಸಿದರೆ ಅದೇ ವಿಧಾನದಿಂದ ಬದಲಿಸಬಹುದು ಎಂಬ ನಿಯಮವನ್ನು ಪಕ್ಷಗಳು ತಮ್ಮ ಸಂವಿಧಾನದಲ್ಲೇ ಸೇರಿಸಿಕೊಳ್ಳಬಹುದು. ಸಂಖ್ಯೆ ಸಮವಾದಾಗ ಏನು ಮಾಡಬೇಕೆಂಬ ಪ್ರಶ್ನೆಗೂ ಕರ್ನಾಟಕ ಉತ್ತರ ಕಂಡಿದೆ: 2013ರಲ್ಲಿ ಬಿಜೆಪಿ, ಜೆಡಿಎಸ್ ತಲಾ 40 ಗೆದ್ದಾಗ ಎಚ್.ಡಿ. ಕುಮಾರಸ್ವಾಮಿ ನಾಯಕರಾದರು, 2014ರಲ್ಲಿ ಕೆಜೆಪಿ ಬಿಜೆಪಿಯಲ್ಲಿ ವಿಲೀನವಾಗಿ ಸಂಖ್ಯೆ ಬದಲಾದಾಗ ಜಗದೀಶ ಶೆಟ್ಟರ್ ಆ ಸ್ಥಾನಕ್ಕೆ ಬಂದರು. ರಾಜೀನಾಮೆ ಕೊಟ್ಟು ಪಕ್ಷ ಬದಲಿಸುವವರು ಆ ವಿಧಾನಸಭೆಯ ಉಳಿದ ಅವಧಿಗೆ ಸ್ಪರ್ಧಿಸದಂತೆ ತಡೆಯುವ ಕಾನೂನು ಮಾತ್ರ ಸಂಸತ್ತಿನಿಂದ ಬರಬೇಕು. ಅಲ್ಲಿಯವರೆಗೆ ಈ ನಾಲ್ಕು ತಾಲ್ಲೂಕುಗಳ ಮತದಾರರು ಮಾಡಬಹುದಾದ ಕೆಲಸವೊಂದಿದೆ. ಮತ ಕೇಳಲು ಬರುವ ಗೆದ್ದವರನ್ನೂ ಸೋತವರನ್ನೂ, ಅವರ ಪಕ್ಷದ ನಾಯಕರನ್ನೂ, ಕಳೆದ ಐದು ವರ್ಷದಲ್ಲಿ ಅರಣ್ಯ ಹಕ್ಕು, ಕುಣಬಿ ಮತ್ತು ಗೌಳಿಗಳ ಮಾನ್ಯತೆ, ಜಿಲ್ಲೆಯ ಆಸ್ಪತ್ರೆಯ ಬಗ್ಗೆ ಸದನದಲ್ಲಿ ಯಾವ ದಿನ ಯಾವ ಪ್ರಶ್ನೆ ಕೇಳಿದಿರಿ ಎಂದು ವಿಚಾರಿಸಿ. ವಿಧಾನಸಭೆಯ ನಡಾವಳಿ ಮುದ್ರಿತವಾಗಿ ಸಾರ್ವಜನಿಕರಿಗೆ ಲಭ್ಯವಿದೆ.